ಬಲಗಡೆಯ ಕೈ

ಗಾಡಿಯನ್ನು ಮೂರು ಸುತ್ತು ಬಂದ ಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ಸಿದ್ದರಾಯ ಬಲಗಡೆಯ ಬಾಗಿಲಿಗೆ ಬಂದು ನಿಂತ. ಕಿಟಕಿಯೊಳಗೆ ತಲೆ ಹಾಕಿ ನೋಡಿದ. ಸ್ಟೀರಿಂಗ್ ಇರಬೇಕಾದಲ್ಲಿ ಸದಾಶಿವನ ಮೊಣಕಾಲುಗಳಿದ್ದವು.

“ಸಾಹೇಬ್ರ, ಗಾಡಿ ಹೊಡ್ಯಾವ್ರು ನೀವಲ್ಲೇನ್ರಿ?”

“ಅಲ್ರಿ. ಆಕಿ.”

ಸಿದ್ದರಾಯ ಇನ್ನಷ್ಟು ಬಗ್ಗಿ ಆಚೆಯ ಸೀಟನ್ನು ನೋಡಿದ. ಎಡಗಡೆಯಲ್ಲಿ ಡಾಕ್ಟರ್ ಆನಂದೀಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಕೂತಿದ್ದಳು.

“ಬಾಯಾರ, ನೀವು ಬಲಕ್ಕ ಹೊಳ್ಳತೀರಿ ಅಂತ ಹಿಂದಿನ ಗಾಡಿಯಾಂವಗ ಹೆಂಗ ಗೊತ್ತಾಗಬೇಕ್ರಿ?”

“ಇವರು ಕೈ ಮಾಡ್ತಾರ.”

“ಯಾವಾಗ್ಲೂ?”

“ಮುಂಬೈಯಿಂದ ಇಲ್ಲಿತನಕ ಮಾಡ್ಯಾರ.”

ಸಿದ್ದರಾಯ ಕೈಯಲ್ಲಿದ್ದ ಪುಸ್ತಕ ಮುಚ್ಚಿದ. “ಹಂಗಾರ ಗಾಡಿ ಜೋಡಿ ಗಂಡನ್ನೂ ರಜಿಸ್ಟ್ರಿ ಮಾಡಬೇಕಾಗತೈತಿ ನಾನು.”

ಆರ್‌ಟಿಓ ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಸರದಿ ಕಾಯುತ್ತಿದ್ದ ಲಾರಿ ಡ್ರೈವರುಗಳು ಗೊಳ್ಳೆಂದು ನಕ್ಕರು. ಸದಾಶಿವನೂ ನಕ್ಕ. ಆನಂದೀಬಾಯಿ ನಗಲಿಲ್ಲ. ಅವಳಿಗೆ ದಿನಗಳ ಲೆಕ್ಕ ಗೊತ್ತಿತ್ತು.

ಅದು ಎಪ್ಪತ್ನಾಲ್ಕನೇ ಇಸವಿಯ ಮಾರ್ಚ್ ತಿಂಗಳು. ಗಂಡಹೆಂಡತಿ ಆರು ವರ್ಷ ಜರ್ಮನಿಯಲ್ಲಿದ್ದು ತಮ್ಮೂರು ವಿಜಾಪುರಕ್ಕೆ ಮರಳಿದ್ದರು. ಜರ್ಮನಿಯಲ್ಲಿ ಸದಾಶಿವ ಒಂದು ಯಂತ್ರದ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದ, ಆನಂದೀಬಾಯಿ ಹೆರಿಗೆ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಳು. ಮರಳುವುದೆಂದು ಠರಾಯಿಸಿದಾಗ ಬ್ರೆಡ್ಡು ಮಾರುವವನೊಬ್ಬನ ಹಳೆಯ ವ್ಯಾನು ಕೊಂಡರು. ಒಳಗಿನ ಬ್ರೆಡ್ಡಿನ ಕಪಾಟು ಕಿತ್ತು ಹಾಕಿ ಅಲ್ಲೊಂದು ಹಲಗೆ ಜೋಡಿಸಿದರು. ದಾರಿಯಲ್ಲಿ ಅದು ಮಲಗುವ ಮಂಚ, ಊರಿಗೆ ಬಂದ ಮೇಲೆ ರೋಗಿಗಳನ್ನು ಮಲಗಿಸಿ ನೋಡುವ ಮೇಜು. ರಸ್ತೆಯ ಮೇಲೆಯೇ ಹೊರಟು ದೇಶಗಳನ್ನು ದಾಟಿ, ಇರಾನಿನ ಬಂದರದಲ್ಲಿ ವ್ಯಾನನ್ನು ಹಡಗಿಗೇರಿಸಿ ಮುಂಬೈಯಲ್ಲಿ ಇಳಿಸಿಕೊಳ್ಳುವುದೆಂದು ಯೋಜನೆ.

ಅರ್ಧ ದಾರಿಯಲ್ಲಿ, ತುರ್ಕಿಯ ಗುಡ್ಡಗಾಡಿನಲ್ಲಿ, ಸದಾಶಿವನಿಗೆ ಕಾಮಾಲೆಯಾಯಿತು. ಕಣ್ಣು ಅರಿಸಿನದ ಕೊಂಬಿನಂತೆ ಹಳದಿಯಾಗಿ ಅವನು ಹಲಗೆಯ ಮೇಲೆ ಬಿದ್ದುಕೊಂಡ. ಹೊರಡುವ ನಾಲ್ಕು ತಿಂಗಳ ಹಿಂದಷ್ಟೇ ಗಾಡಿ ಕಲಿತ ಅವನ ಹೆಂಡತಿ ಸ್ಟೀರಿಂಗ್ ಹಿಡಿದಳು. ಹಿಮ ಬೀಳುವ ಘಾಟು, ಒಂದು ಬದಿಗೆ ಪ್ರಪಾತ, ಎದುರಿಗೆ ದೀಪವಿಲ್ಲದ ಲಾರಿಗಳು. ಹಿಂದೆ ಮಲಗಿದವನಿಗೆ ಕಾಣುತ್ತಿದ್ದದ್ದು ಅವಳ ಹೆರಳು ಮತ್ತು ಬಲ ಭುಜ ಮಾತ್ರ. ಒಂಬತ್ತು ದಿನ ಅವನು ಆ ಭುಜವನ್ನು ನೋಡುತ್ತ ಬಂದ. ಅದು ಒಮ್ಮೆಯೂ ನಡುಗಲಿಲ್ಲ. ಊರಿಗೆ ಬಂದ ಮೇಲೆ ಬಂಧುಗಳು “ಹೆಂಗವ್ವಾ ನಡಸಿದಿ?” ಎಂದು ಕೇಳಿದರೆ ಅವಳು, “ರಸ್ತೆ ಇತ್ತು, ನಡಸಿದೆ,” ಅನ್ನುತ್ತಿದ್ದಳು. ಅವಳ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಸದಾಶಿವನಿಗೆ ಮಾತ್ರ ಆ ಭುಜದ ನೆನಪು ಮುಗಿಯುತ್ತಿರಲಿಲ್ಲ.

ಆದರೆ ಆರು ಸಾವಿರ ಕಿಲೋಮೀಟರ್ ಸರಿಯಾಗಿದ್ದ ಗಾಡಿ, ಸ್ವಂತ ನಾಡಿಗೆ ಬಂದ ಕೂಡಲೇ ತಪ್ಪು ಬದಿಯದಾಯಿತು. ಅಲ್ಲೆಲ್ಲ ರಸ್ತೆಯ ಬಲಕ್ಕೆ ಓಡಿಸುತ್ತಾರೆ, ಸ್ಟೀರಿಂಗು ಎಡಕ್ಕಿರುತ್ತದೆ. ಇಲ್ಲಿ ಎಡಕ್ಕೆ ಓಡಿಸಬೇಕು. ಎಡಗಡೆ ಕೂತವರ ಕೈ ಬಲಗಡೆ ಬರುವವರಿಗೆ ಕಾಣುವುದಿಲ್ಲ. ಬಲಕ್ಕೆ ಹೊರಳುವ ದೀಪವೊಂದಿತ್ತು, ಅದರ ಗಾಜನ್ನು ತುರ್ಕಿಯ ಕಲ್ಲೊಂದು ಒಡೆದಿತ್ತು. ಅದರ ಜಾತಿಯ ಬಲ್ಬು ಸೊಲ್ಲಾಪುರದಲ್ಲೂ ಸಿಗಲಿಲ್ಲ. ಸೊಲ್ಲಾಪುರದ ಒಬ್ಬ ಮಿಸ್ತ್ರಿ ಸ್ಟೀರಿಂಗನ್ನೇ ಕತ್ತರಿಸಿ ಬಲಕ್ಕೆ ವೆಲ್ಡಿಂಗ್ ಮಾಡಿಕೊಡುತ್ತೇನೆಂದ. ಸದಾಶಿವ ಅವನ ಬೆಸುಗೆಗಳನ್ನು ಬೆರಳಿನಿಂದ ಸವರಿ ನೋಡಿ, ತಲೆಯಾಡಿಸಿ ಎದ್ದು ಬಂದಿದ್ದ.

“ನೋಡ್ರಿ,” ಸಿದ್ದರಾಯ ಈಗ ಮೆತ್ತಗೆ ಹೇಳಿದ. ಅವನು ಸಿಡುಕಿನವನಲ್ಲ, ಪುಸ್ತಕದಲ್ಲಿದ್ದದ್ದನ್ನು ಬಿಡದವನು, ಅಷ್ಟೇ. “ದೀಪಾ ಹತ್ತಿದ್ರ ಛಲೋ. ಹತ್ತಲಿಲ್ಲಂದ್ರ ಬಲಗಡೆ ಒಂದು ಕೈ ಕೂಡಸ್ರಿ. ತಗಡಿಂದು, ಬಿಳೀ ಬಣ್ಣದ್ದು. ಬಾಯಾರು ಒಳಗ ಎಳದ್ರ ಹೊರಗ ಏಳಬೇಕು. ಬರೂ ಬುಧವಾರ ಬಬಲೇಶ್ವರದಾಗ ಕ್ಯಾಂಪ್ ಐತಿ, ಸಾರವಾಡದ ಟ್ರ್ಯಾಕ್ಟರ್ ಪಾಸಿಂಗಿಗೆ ಬರ್ತಾವು. ಅಲ್ಲಿಗೆ ತಗೊಂಡ ಬರ್ರಿ. ಅದು ಬಿಟ್ರ ನಿಮ್ಮ ಮುದತ್ತಿನೊಳಗ ಮತ್ತ ಕ್ಯಾಂಪಿಲ್ಲ.”

ಮುದತ್ತು ಎಂದರೆ ಮಾರ್ಚ್ ಮೂವತ್ತೊಂದು. ಮುಂಬೈಯ ಕಸ್ಟಮ್ಸ್‌ನವರು ಕೊಟ್ಟ ಕಾಗದದಲ್ಲಿ ಹಾಗೆ ಬರೆದಿತ್ತು. ಅಷ್ಟರೊಳಗೆ ಇಲ್ಲಿನ ನಂಬರು ಬರದಿದ್ದರೆ ವ್ಯಾನು ಬಂದರದ ಉಗ್ರಾಣಕ್ಕೆ ವಾಪಸು. ಮರುದಿನ, ಏಪ್ರಿಲ್ ಒಂದಕ್ಕೆ, ಸದಾಶಿವ ಪುಣೆಯಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಅದಾದ ಮೇಲೆ ಈ ಬಲಗಡೆಯ ಸೀಟು ಖಾಲಿ. ಸೋಮವಾರ ತಿಕೋಟಾ, ಗುರುವಾರ ಸಾರವಾಡ, ಶನಿವಾರ ಮಮದಾಪುರ ಎಂದು ಸುತ್ತಲಿನ ಹಳ್ಳಿಗಳಿಗೆ ಆನಂದೀಬಾಯಿ ಆಗಲೇ ಹೋಗಿಬರಲು ಸುರುಮಾಡಿದ್ದಳು. ಬಸ್ಸು ಹತ್ತಿ ಶಹರದ ಆಸ್ಪತ್ರೆಗೆ ಹೋಗಲು ಒಲ್ಲೆನೆನ್ನುವ ಬಸುರಿ ಹೆಂಗಸರು ವ್ಯಾನಿನ ಪರದೆಯೊಳಗೆ ಮಾತ್ರ ತಾವಾಗಿ ಬರುತ್ತಿದ್ದರು. ಅವಳು ಅಷ್ಟು ದೂರ ನಡೆಸಿಕೊಂಡು ಬಂದದ್ದು ಇದಕ್ಕಾಗಿ.

ಸದಾಶಿವ ಅವತ್ತೇ ನಕ್ಷೆ ಬರೆಯಲು ಕೂತ. ಅವನ ಬಲಗೈಯಲ್ಲಿ ಕಿರುಬೆರಳಿಲ್ಲ. ಜರ್ಮನಿಗೆ ಹೋದ ಮೊದಲ ವರ್ಷವೇ ಕಾರ್ಖಾನೆಯ ಒಂದು ಯಂತ್ರ ಅದನ್ನು ಬುಡಕ್ಕೆ ತೆಗೆದುಕೊಂಡಿತ್ತು. ಉಳಿದ ಬೆರಳುಗಳಿಂದ ಅವನು ಕೂದಲೆಳೆಯಂಥ ಗೆರೆ ಎಳೆಯಬಲ್ಲ. ಆದರೆ ಮಂದಿಯ ನಡುವೆ ಆ ಕೈ ಪ್ಯಾಂಟಿನ ಕಿಸೆಯಲ್ಲೇ ಇರುತ್ತಿತ್ತು. ಚಹಾ ತೆಗೆದುಕೊಳ್ಳುವುದು ಎಡಗೈಯಿಂದ, ನಮಸ್ಕಾರ ಬರೀ ತಲೆಯಿಂದ. ಮುಂಬೈ ಬಿಟ್ಟ ಮೇಲೆ ಕಿಟಕಿಯ ಹೊರಗೆ ಕೈ ಚಾಚುವ ಪ್ರಸಂಗ ಬಂದಾಗ ಅವನಿಗೆ ಒಳಗೊಳಗೇ ಒಂದು ಬಗೆಯ ಸುಖವಾಗಿತ್ತು. ಹಿಂದಿನ ಲಾರಿಯವನು ಬೆರಳು ಎಣಿಸುವುದಿಲ್ಲ.

ವಾಯರು ಎಲ್ಲಿಂದ ಎಲ್ಲಿಗೆ, ಸ್ಪ್ರಿಂಗು ಎಷ್ಟು ಬಿಗಿ, ಕೀಲು ಎಷ್ಟು ಕೋನ, ಎಲ್ಲವನ್ನೂ ಅವನು ಮಿಲಿಮೀಟರಿನಲ್ಲಿ ಬರೆದ. ತುದಿಗೆ ಬಂದಾಗ ಒಂದು ಸಣ್ಣ ಚೌಕ ಹಾಕಿ ಒಳಗೆ ‘ಕೈ, ತಗಡು’ ಎಂದಷ್ಟೇ ಬರೆದು ಕೆಳಗೆ ಸಹಿ ಮಾಡಿದ.

ತಿಕೋಟಾದ ಬಸ್ ಸ್ಟ್ಯಾಂಡಿನ ಎದುರು, ಬಾಗಿಲಿಗೆ ಬಕೆಟ್ಟು, ಜರಡಿ, ಚಿಮಣಿಗಳನ್ನು ತೂಗುಹಾಕಿದ ಅಂಗಡಿ ಮಲಂಗಸಾಬನದು. ಸೋಮವಾರ ವ್ಯಾನು ನಿಲ್ಲುತ್ತಿದ್ದದ್ದು ಅದರ ನೆರಳಿನಲ್ಲೇ. ಅವನ ಮಗಳು ಸಕೀನಾ ಏಳು ತಿಂಗಳ ಬಸುರಿ, ಆನಂದೀಬಾಯಿಯ ರೋಗಿ. ಶುಕ್ರವಾರ ಸದಾಶಿವ ನಕ್ಷೆ ಬಿಚ್ಚಿ ಅವನ ಮುಂದೆ ಹಾಸಿದ. ಮಲಂಗಸಾಬ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ದೂರಮಾಡಿ ನೋಡಿ, ಹತ್ತಿರ ತಂದು ನೋಡಿ, ಮೆಚ್ಚಿ ತಲೆದೂಗಿದ.

“ಭಾಳ ಚಂದ ಬರದೀರಿ ಸಾಹೇಬ್ರ. ಕಟ್ಟ ಹಾಕಿಸಿ ಗ್ವಾಡಿಗೆ ಹಚ್ಚ್ರಿ.”

“ಗ್ವಾಡಿಗಲ್ಲ ಮಲಂಗಸಾಬ, ಗಾಡಿಗೆ.”

“ಗಾಡಿಗೆ ಇದು ಯಾಕ್ರಿ? ಗಾಡಿ ಇಲ್ಲೇ ನಿಂತೈತಲ್ಲ.”

ಅವನು ಎದ್ದು ಒಂದು ಸುತಳಿ ತೆಗೆದುಕೊಂಡ. ಕೈ ಎತ್ತಲು ಎಳೆಯುವ ಲಿವರು ಇರಬೇಕಾದ ಕಡೆಯಿಂದ ಬಲ ಬಾಗಿಲವರೆಗೆ ಸುತಳಿ ಹಿಡಿದು ಒಂದು ಗಂಟು, ಕೀಲಿನ ಹತ್ತಿರ ಇನ್ನೊಂದು ಗಂಟು. ಆಮೇಲೆ ಆನಂದೀಬಾಯಿಯನ್ನು ಸೀಟಿನಲ್ಲಿ ಕೂಡಿಸಿ, “ಕಣ್ಣ ಮುಚ್ಚ್ರಿ ಬಾಯಾರ. ರಸ್ತೆದಾಗ ಎಮ್ಮಿ ಅಡ್ಡ ಬಂತು ಅನ್ನಕೋರಿ. ಎಡಗೈ ಎಲ್ಲಿಗೆ ಹೋಗತೈತಿ?” ಎಂದ. ಅವಳ ಕೈ ತಾನಾಗಿ ಹೋದ ಜಾಗಕ್ಕೆ ಸುಣ್ಣದ ಗುರುತು ಹಾಕಿದ. ಸದಾಶಿವನ ನಕ್ಷೆಯಲ್ಲಿ ಲಿವರು ಅಲ್ಲಿಂದ ಒಂದು ಗೇಣು ಕೆಳಗಿತ್ತು. ಅವನು ನಕ್ಷೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.

ಮುಂದಿನ ಎರಡು ದಿನ ಅವನು ಆ ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ. ಲಿವರಿಗೆ ಜೋಡಿಸಿದ ಸೈಕಲ್ಲಿನ ಬ್ರೇಕ್ ವಾಯರು ಧೂಳು ತಿಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಣ್ಣೆ ಹಾಕೋಣವೆಂದು ಸದಾಶಿವ ಅಂದರೆ, ಎಣ್ಣೆ ಹಾಕಿದರೆ ಧೂಳು ಇನ್ನೂ ಅಂಟುತ್ತದೆಂದು ಮಲಂಗಸಾಬ ಅಂದ. ಎಲ್ಲಿಂದಲೋ ಎತ್ತಿನ ಕೊಂಬಿನ ತುಂಡು ತಂದು, ಸಣ್ಣ ಬಳೆಗಳ ಹಾಗೆ ಕೊರೆದು, ವಾಯರು ಹೊರಳುವಲ್ಲೆಲ್ಲ ಒಂದೊಂದು ಕೂಡಿಸಿದ. ವಾಯರು ಹಾವಿನ ಹಾಗೆ ನುಣ್ಣಗೆ ಜಾರತೊಡಗಿತು. ಜರ್ಮನಿಯ ಕಾರ್ಖಾನೆಯಲ್ಲಿ ಇಂಥದೊಂದು ತೊಡಕಿಗೆ ಮೂರು ಸಭೆ ಕೂಡುತ್ತಿದ್ದರು. ಸದಾಶಿವ ಅದನ್ನು ಹೇಳಿದಾಗ ಮಲಂಗಸಾಬ, “ಮೂರ ಸಲ ಚಹಾ ಆದ್ರೂ ಆಗ್ತಿತ್ತಲ್ರಿ,” ಎಂದ.

ರವಿವಾರ ಸಂಜೆ ತಗಡು ಕತ್ತರಿಸಿದ. ಕೈ ಎನ್ನುವುದೊಂದೇ ತಡ, ಗುರುತು ಹಾಕದೆ, ಅಳತೆ ಮಾಡದೆ ಅವನ ಕತ್ತರಿ ಹೊರಟಿತು. ಆನಂದೀಬಾಯಿ ಅವತ್ತು ವಿಜಾಪುರದ ಮನೆಯಲ್ಲಿದ್ದಳು. ಸದಾಶಿವ ಒಬ್ಬನೇ ನೋಡಿದ. ನೆಟ್ಟಗೆ ನಿಂತ ಐದು ಬೆರಳು, ಅಗಲವಾದ ಅಂಗೈ, ಮಣಿಕಟ್ಟಿನಲ್ಲಿ ಹೂವಿನ ಎಸಳಿನಂತೆ ಕೊರೆದ ಅಂಚು. ಇಂಥ ಚೆಲುವಾದ ಕೈಯನ್ನು ಅವನು ಯಾವ ಯಂತ್ರದ ಮೇಲೂ ಕಂಡಿರಲಿಲ್ಲ. ಬಣ್ಣ ಬಳಿಯುವುದು ನಾಳೆ ಇರಲಿ, ಮೊದಲು ಓಡಿಸಿ ನೋಡೋಣ ಎಂದ.

ಸೋಮವಾರ ಮುಂಜಾನೆ ಮೂವರೂ, ಅಲ್ಲೊಬ್ಬ ಬಾಣಂತಿಯನ್ನು ನೋಡಿ ಬಂದಂತೆಯೂ ಆಗಲಿ ಎಂದು, ಬಿಜ್ಜರಗಿ ರಸ್ತೆ ಹಿಡಿದರು. ಮಲಂಗಸಾಬ ಹಿಂದಿನ ಹಲಗೆಯ ಮೇಲೆ. ಹಿಂದೊಂದು ಬಸ್ಸು, ಎದುರಿಗೊಂದು ಜೋಳದ ಕಣಿಕೆ ಹೇರಿದ ಎತ್ತಿನ ಗಾಡಿ. ಬಲಕ್ಕೆ ಕವಲು ಬಂತು. ಆನಂದೀಬಾಯಿ ಲಿವರು ಎಳೆದಳು. ಸದಾಶಿವನ ಕಿಟಕಿಯ ಪಕ್ಕದಿಂದ ಹೊಸ ತಗಡಿನ ಕೈ ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತ ಮೇಲೆದ್ದಿತು.

ಎದುರಿನ ಗಾಡಿಯವನು ಎತ್ತು ನಿಲ್ಲಿಸಿ, ಕೆಳಗೆ ಜಿಗಿದು, ಕಾಲಿನ ಚಪ್ಪಲಿ ಬಿಟ್ಟು ಕೈಮುಗಿದ. ಹಿಂದಿನ ಬಸ್ಸು ಗಕ್ಕನೆ ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು.

“ಅಲಾಯಿ ಹಬ್ಬ ಮುಗದ ಎರಡ ತಿಂಗಳಾತು, ದೇವ್ರ ಈಗ್ಯಾಕ ಎದ್ದಾವೋ?”

“ಮೋಟಾರಿನಾಗ ಸವಾರಿ ಹೊಂಟಾವಲೇ!”

ರಸ್ತೆಯ ಬದಿಗೆ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕೋಲು ಒಗೆದು ಓಡಿಬಂದು ವ್ಯಾನಿನ ಮುಂದೆಯೇ, ಅದು ಹೊರಳಬೇಕಾದ ಜಾಗದಲ್ಲೇ, ಸೆರಗೊಡ್ಡಿ ನಿಂತಳು. ಬಿಜ್ಜರಗಿಯ ಹೊಳೆವ್ವ ಅವಳು.

“ಯಪ್ಪಾ ದೇವ್ರ, ನನ್ನ ಸೊಸಿಗೆ ಮೂರ ವರ್ಷಾತು, ಹೊಟ್ಟಿಲೆ ಒಂದ ಕೂಸಿಲ್ಲ. ನಿಂದರ, ಹರಕಿ ಹೊತ್ತು ಸಕ್ಕರಿ ಓದಸ್ತೇನಿ.”

ಆನಂದೀಬಾಯಿ ತಲೆ ಹೊರಗೆ ಹಾಕಿದಳು. “ಅಜ್ಜಿ, ಸೊಸಿನ್ನ ಸೋಮವಾರ ತಿಕೋಟಾಕ್ಕ ಕರ್ಕೊಂಡು ಬಾ. ನಾ ನೋಡ್ತೇನಿ.”

“ನೀ ಸುಮ್ಮನಿರಬೇ. ನಾ ದೇವ್ರ ಜೋಡಿ ಮಾತಾಡಾಕತ್ತೇನಿ.”

ಸದಾಶಿವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹಿಂದಕ್ಕೆ ಹೊರಳಿ ಮಲಂಗಸಾಬನ ಮುಖ ನೋಡಿದ. ಅವನು ನಗುತ್ತಿರಲಿಲ್ಲ.

“ಇಳಸ್ರಿ ಬಾಯಾರ,” ಮಲಂಗಸಾಬ ಪಿಸುಗುಟ್ಟಿದ. “ಇಳಸ್ರಿ ಅದನ್ನ.”

ಅವನು ಕೆಳಗಿಳಿದು, ತಲೆಯ ರುಮಾಲು ಬಿಚ್ಚಿ, ಆ ಕೈಗೆ ಸುತ್ತಿದ. ಆಮೇಲೆ ಬಿಜ್ಜರಗಿಗೂ ಹೋಗದೆ ಗಾಡಿಯನ್ನು ತಿಕೋಟಾಕ್ಕೇ ಮರಳಿಸಲು ಹೇಳಿದ. ಅಂಗಡಿಯ ಮುಂದೆ ಕೀಲು ಬಿಚ್ಚಿ ಕೈಯನ್ನು ತೆಗೆದು, ತೊಳೆದು, ಹಸಿರು ಬಟ್ಟೆಯಲ್ಲಿ ಕಟ್ಟಿ, ಅಲಾಯಿ ದೇವರ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಬರಲು ಹೋದ.

ಆಗ ಸದಾಶಿವನಿಗೆ ತಿಳಿಯಿತು. ಮಲಂಗಸಾಬನ ಮನೆತನ ಸುತ್ತಲಿನ ಊರುಗಳಿಗೆಲ್ಲ ಪಂಜಾ ಮಾಡಿಕೊಡುವ ಮನೆತನ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ಕೈಮುಗಿಯುವ ಆ ದೇವರ ಕೈಯನ್ನು ಅವನು ಸ್ನಾನ ಮಾಡಿ, ಉಪವಾಸವಿದ್ದು ಕತ್ತರಿಸುತ್ತಾನೆ. ಅವನ ಕತ್ತರಿಗೆ ಗೊತ್ತಿದ್ದ ಕೈ ಅದೊಂದೇ. ವಿಜಾಪುರದಲ್ಲೇ ಹುಟ್ಟಿ, ಅಪ್ಪನ ಹೆಗಲ ಮೇಲೆ ಕೂತು ಹತ್ತಾರು ಸವಾರಿ ನೋಡಿದ ತಾನು ಅದನ್ನು ಕಂಡೂ ಗುರುತು ಹಿಡಿಯಲಿಲ್ಲವಲ್ಲ ಎಂದು ಸದಾಶಿವನಿಗೆ ನಾಚಿಕೆಯಾಯಿತು. ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆದವನು ಕೈಯ ಜಾಗದಲ್ಲಿ ಖಾಲಿ ಚೌಕ ಬಿಟ್ಟಿದ್ದ.

ಮಂಗಳವಾರ ಗಂಡಹೆಂಡತಿ ಮತ್ತೆ ಬಂದಾಗ ಮಲಂಗಸಾಬ ಬಕೆಟ್ಟಿಗೆ ತಳ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

“ನನ್ನಿಂದ ಆಗೂದಿಲ್ರಿ. ಮತ್ತ ಕತ್ತರಿ ಹಿಡದ್ರ ಮತ್ತ ಅದ ಬರತೈತಿ. ದೇವ್ರ ಕೈ ತಗೊಂಡು ಎಮ್ಮಿ ಸರಸೂದು ಬ್ಯಾಡ್ರಿ.”

“ಬಾಣ ಮಾಡಿದ್ರ?” ಆನಂದೀಬಾಯಿ ಕೇಳಿದಳು.

“ಬಾಣ ನೋಡಿ ಎತ್ತಿನಗಾಡಿಯಾಂವ ನಿಂದರತಾನೇನ್ರಿ? ಇನ್ಸ್‌ಪೆಕ್ಟರೂ ಕೈ ಅಂದಾನ.”

ಸದಾಶಿವ ಕಾಗದದ ಮೇಲೆ ತಾನೇ ಒಂದು ಕೈ ಬರೆದು ತೋರಿಸಿದ. ಮಲಂಗಸಾಬ ಓರೆಗಣ್ಣಿನಿಂದ ನೋಡಿದ. “ಇದು ಕೈ ಅಲ್ರಿ ಸಾಹೇಬ್ರ. ಬಾಚಣಿಕಿ.”

ಆನಂದೀಬಾಯಿ ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಬಲ ಭುಜ ಸ್ವಲ್ಪ ಇಳಿದಿತ್ತು. ಒಂಬತ್ತು ದಿನದ ಘಾಟಿನಲ್ಲಿ ಇಳಿಯದ ಭುಜ ಅದು. ಸದಾಶಿವ ಬೇರೆ ಕಡೆ ನೋಡಿದ.

ಸಕೀನಾ ಒಳಗಿನಿಂದ ಚಹಾ ತಂದಳು. ಸದಾಶಿವ ಎಂದಿನಂತೆ ಎಡಗೈ ಚಾಚಿದ. ಸಕೀನಾ ಕಪ್ಪುಬಶಿ ಕೊಟ್ಟು, ಅಲ್ಲೇ ನಿಂತಳು.

“ಅಬ್ಬಾ, ಪಂಜಾಕ್ಕ ಎಷ್ಟ ಬೆರಳ?”

“ಐದು. ಅದಕ್ಕ ಪಂಜಾ ಅಂತಾರ. ಯಾಕ?”

“ಒಂದ ಕಮ್ಮಿ ಇತ್ತಂದ್ರ?”

“ಕಮ್ಮಿ ಇದ್ರ ಅದೆಂಗ ಪಂಜಾ ಆಗತೈತಿ ಲೇ, ಅದು ಬರೇ...”

ಮಲಂಗಸಾಬನ ಮಾತು ಅಲ್ಲಿಗೇ ನಿಂತಿತು. ಯಾರೂ ಸದಾಶಿವನ ಕಿಸೆಯ ಕಡೆ ನೋಡಲಿಲ್ಲ. ಇಷ್ಟು ದಿನವೂ ನೋಡಿರಲಿಲ್ಲ. ಅವರು ನೋಡದೆ ಇದ್ದದ್ದು ಕಾಣದ್ದಕ್ಕಲ್ಲ, ಮರ್ಯಾದೆಗೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತು.

“ಒಳಗ ನಡಿ,” ಮಲಂಗಸಾಬ ಮಗಳನ್ನು ಗದರಿಸಿದ. “ಬಸರಿ ಅಂತ ಸುಮ್ಮನ ಬಿಟ್ರ ನಾಲಿಗಿ ಉದ್ದ ಆಗೇತಿ. ಸಾ‌ಹೇಬ್ರ, ಸಣ್ಣ ಹುಡುಗಿ, ಮನಸಿಗೆ ಹಚ್ಚಕೋಬ್ಯಾಡ್ರಿ.”

ಸದಾಶಿವ ಬಶಿಯನ್ನು ಕಟ್ಟೆಯ ಮೇಲಿಟ್ಟ. ಆರು ವರ್ಷದ ಅಭ್ಯಾಸ ಒಮ್ಮೆಲೇ ಬಿಡುವುದಿಲ್ಲ. ಕೈ ಕಿಸೆಯಲ್ಲಿ ಒಂದಿಷ್ಟು ಹೊತ್ತು ಹಟ ಹಿಡಿಯಿತು. ಆಮೇಲೆ ಹೊರಗೆ ಬಂತು. ಅವನು ಹೊಸ ತಗಡಿನ ಹಾಳೆಯ ಮೇಲೆ ಅದನ್ನು ಅಂಗೈ ಕೆಳಗಾಗಿ ಊರಿ, ಬೆರಳು ಅಗಲಿಸಿದ. ತಗಡು ತಣ್ಣಗಿತ್ತು.

“ಇದನ್ನ ಬರಕೋರಿ.”

“ಸಾಹೇಬ್ರ...”

“ನಿಮ್ಮ ಮಗಳು ನನಗಿಂತ ದೊಡ್ಡ ಇಂಜಿನಿಯರ್ ಇದ್ದಾಳ. ಬರಕೋರಿ.”

ಮಲಂಗಸಾಬ ಒಪ್ಪಿಗೆ ಕೇಳುವವನಂತೆ ಆನಂದೀಬಾಯಿಯ ಕಡೆ ನೋಡಿದ. ಅವಳು ಎದ್ದು ಬಂದು ಗಂಡನ ಪಕ್ಕ ನಿಂತಳು. “ಮುಂಬೈಯಿಂದ ಇಲ್ಲಿತನಕ ಅದ ಕೈನ ಇತ್ತು,” ಅಂದಳು. “ಇನ್ನೂ ಅದ ಇರಲಿ.”

ಮೊಳೆಯ ತುದಿಯಿಂದ ಮಲಂಗಸಾಬ ಗೆರೆ ಎಳೆಯತೊಡಗಿದ. ಹೆಬ್ಬೆರಳನ್ನು ಸುತ್ತಿ ಬಂದ. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಬೆರಳಿಲ್ಲದ ಜಾಗಕ್ಕೆ ಬಂದಾಗ ಮೊಳೆ ಅವಸರ ಮಾಡಲಿಲ್ಲ. ಉಳಿದವುಗಳನ್ನು ಎಷ್ಟು ಜತನದಿಂದ ಸುತ್ತಿತ್ತೋ ಅಷ್ಟೇ ಜತನದಿಂದ ಆ ಮೊಂಡು ಬುಡವನ್ನೂ ಸುತ್ತಿ ಮಣಿಕಟ್ಟಿಗಿಳಿಯಿತು.

ಕತ್ತರಿಸುವುದು ಸುಲಭವಾಗಲಿಲ್ಲ. ಐದನೆಯದರ ಹತ್ತಿರ ಕತ್ತರಿ ತಾನಾಗಿ ಮೇಲಕ್ಕೆ ಹೊರಳಲು ನೋಡಿತು. ಮಲಂಗಸಾಬ ನಿಂತ. ಹಣೆಯ ಬೆವರು ಒರೆಸಿಕೊಂಡ. ಅಪ್ಪನಿಂದ ಬಂದ ದಾರಿ ಬಿಟ್ಟು, ತಗಡಿನ ಮೇಲಿನ ಗೆರೆಯನ್ನೇ ನೋಡುತ್ತ, ಹೊಸದಾಗಿ ಕಲಿಯುವವನ ಹಾಗೆ ಒಂದೊಂದೇ ಕಚ್ಚು ಕತ್ತರಿಸಿದ. ನಲವತ್ತು ವರ್ಷ ಪಳಗಿದ ಕೈ ಹೀಗೆ ತನ್ನನ್ನು ತಾನೇ ಹಿಡಿದು ನಿಲ್ಲಿಸುವುದನ್ನು ಸದಾಶಿವ ಎಲ್ಲಿಯೂ ನೋಡಿರಲಿಲ್ಲ. ಕೊಂಬಿನ ಬಳೆಗಿಂತ ದೊಡ್ಡ ಕೆಲಸ ಇದು ಎಂದು ಅವನಿಗನಿಸಿತು.

ಅಂಚು ಮಡಚಿ, ಬಿಳಿಯ ಬಣ್ಣ ಹಚ್ಚಿ ಬಿಸಿಲಿಗಿಟ್ಟರು. ಅದು ಪಂಜಾದಂತಿರಲಿಲ್ಲ. ತುಸು ಓರೆಯಾಗಿ, ಬೆರಳು ಅಗಲಿಸಿಕೊಂಡು, ಯಾರನ್ನೋ ‘ತಡಿ’ ಎಂದು ಹೇಳುತ್ತಿರುವ ಮನುಷ್ಯನ ಕೈಯಂತಿತ್ತು.

ಬುಧವಾರ ಬಬಲೇಶ್ವರದಲ್ಲಿ ಸಾರವಾಡದ ಟ್ರ್ಯಾಕ್ಟರುಗಳ ಹಿಂದೆ ವ್ಯಾನು ನಿಂತಿತು. ಸರದಿ ಬಂದಾಗ ಸಿದ್ದರಾಯ ಬಲಗಡೆಯ ಬಾಗಿಲು ತೆರೆದ.

“ಸಾಹೇಬ್ರ, ಇಳೀರಿ. ಗಂಡನ್ನ ಬಿಟ್ಟು ಗಾಡಿ ಹೆಂಗ ಹೋಗತೈತಿ ನೋಡೂನು.”

ಸದಾಶಿವ ಇಳಿದು, ಜೊತೆಗೆ ಬಂದಿದ್ದ ಮಲಂಗಸಾಬನ ಪಕ್ಕ ಹುಣಸೆ ಗಿಡದ ಕೆಳಗೆ ನಿಂತ. ಸಿದ್ದರಾಯ ಅವನ ಜಾಗದಲ್ಲಿ ಕೂತ. ವ್ಯಾನು ಹೊರಟಿತು. ತಾನಿಲ್ಲದೆ ಅದು ಹೋಗುವುದನ್ನು ಸದಾಶಿವ ನೋಡಿದ್ದು ಅದೇ ಮೊದಲು. ದೂರದಿಂದ ಅದು ಸಣ್ಣದಾಗಿ, ಗಟ್ಟಿಯಾಗಿ, ಯಾರ ಹಂಗೂ ಇಲ್ಲದ್ದಾಗಿ ಕಂಡಿತು. ಹಿಂದೆ ಒಂದು ಟ್ರ್ಯಾಕ್ಟರು ಭರದಿಂದ ಬರುತ್ತಿತ್ತು. ರಸ್ತೆಗಳು ಕೂಡುವ ಕೂಟಿನಲ್ಲಿ ಬಿಳಿಯ ಕೈ ಎದ್ದಿತು.

ಟ್ರ್ಯಾಕ್ಟರಿನವನು ಬ್ರೇಕು ಒತ್ತಿದ. ಮಗ್ಗುಲಲ್ಲಿ ಕೂತವನು ಇನ್ನೂ ಏನೋ ಕೂಗುತ್ತಿದ್ದ. “ತಡಿಯಲೇ, ಕೈ ಮಾಡಾಕತ್ತಾರ ಕಾಣಸೂದಿಲ್ಲೇನ?” ವ್ಯಾನು ನಿಧಾನವಾಗಿ ಬಲಕ್ಕೆ ಹೊರಳಿತು. ಕೈ ಇಳಿಯಿತು. ಟ್ರ್ಯಾಕ್ಟರು ತನ್ನ ದಾರಿ ಹಿಡಿದು ಹೋಯಿತು. ಯಾರೂ ಚಪ್ಪಲಿ ಬಿಡಲಿಲ್ಲ, ಯಾರೂ ಕೈಮುಗಿಯಲಿಲ್ಲ. ಅಷ್ಟು ಹೊತ್ತೂ ಅದನ್ನೇ ಕಾಯುತ್ತಿದ್ದ ಮಲಂಗಸಾಬ ಉಸಿರು ಬಿಟ್ಟು, ಕಿವಿಯ ಹಿಂದಿನ ಬೀಡಿ ತೆಗೆದು ಹಚ್ಚಿದ.

ಮರಳಿ ಬಂದ ಮೇಲೆ ಸಿದ್ದರಾಯ ಲಿವರನ್ನು ಹತ್ತು ಸಲ ತಾನೇ ಎಳೆದು ನೋಡಿದ. ಕೊಂಬಿನ ಬಳೆಗಳನ್ನು ಮುಟ್ಟಿ ನೋಡಿ, “ಯಾರ ಮಾಡ್ಯಾರಿದು?” ಎಂದು ಕೇಳಿ, ಮಲಂಗಸಾಬನ ಹೆಸರನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡ. ಆಮೇಲೆ ಕೈಯ ಮುಂದೆ ನಿಂತ. ಅವನ ತುಟಿ ಸಣ್ಣಗೆ ಅಲುಗಿತು. ಎಣಿಸುತ್ತಿದ್ದ. ಎಣಿಸಿ ಮುಗಿಸಿ ಸದಾಶಿವನ ಕಡೆ ತಿರುಗಿದ. ಸದಾಶಿವನ ಬಲಗೈ ಆಗ ವ್ಯಾನಿನ ಬಾಗಿಲ ಮೇಲಿತ್ತು. ಅವನು ತೆಗೆಯಲಿಲ್ಲ.

ಸಿದ್ದರಾಯ ಕೆಮ್ಮಿದ. “ಕೈ ಇರಬೇಕು ಅಂತ ಐತ್ರಿ ನಮ್ಮ ಪುಸ್ತಕದಾಗ. ಬೆರಳ ಎಷ್ಟು ಅಂತ ಬರದಿಲ್ಲ.” ಪೆನ್ನಿನ ಮುಚ್ಚಳ ಕಚ್ಚಿ ತೆಗೆದು ಸಹಿ ಮಾಡಿದ. “ತಗೋರಿ ಬಾಯಾರ. ಪಾಸ್.”

ಆನಂದೀಬಾಯಿ ಕಾಗದ ತೆಗೆದುಕೊಂಡು ಎರಡು ಸಲ ಓದಿ ಮಡಚಿಟ್ಟಳು. ಮಲಂಗಸಾಬನ ಕಡೆ ಹೊರಳಿದಳು. ಬಗ್ಗಿ ಅವನ ಕಾಲು ಮುಟ್ಟಲು ಹೋದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಜಿಗಿದ. “ಯವ್ವಾ, ಇದೇನ್ರಿ ಬಾಯಾರ! ಸಕೀನಾನ ಹೆರಿಗಿಗೆ ನೆಟ್ಟಗ ಬರ್ರಿ, ಸಾಕು.”

ತಿಕೋಟಾಕ್ಕೆ ಮರಳಿ ಮಲಂಗಸಾಬನನ್ನು ಅವನ ಅಂಗಡಿಗೆ ಇಳಿಸಿದರು. ಸೋಮವಾರ ನೋಡಲಾಗದೆ ಬಿಟ್ಟ ಬಾಣಂತಿಯನ್ನು ನೋಡಬೇಕೆಂದು ಆನಂದೀಬಾಯಿ ಮತ್ತೆ ಬಿಜ್ಜರಗಿ ರಸ್ತೆ ಹಿಡಿದಳು. ಕವಲಿನಲ್ಲಿ ಹೊಳೆವ್ವ ಆಡುಗಳ ನಡುವೆ ನಿಂತಿದ್ದಳು. ವ್ಯಾನಿನ ಗುರುತು ಹಿಡಿದು ರಸ್ತೆಗೆ ಬಂದಳು. ಬಿಳಿಯ ಕೈಯನ್ನು ಮೇಲೆ ಕೆಳಗೆ ನೋಡಿದಳು.

“ಯಾಕಬೇ, ದೇವ್ರೆಲ್ಲಿ?”

“ದೇವ್ರು ಪೆಟ್ಟಿಗ್ಯಾಗ ಮಲಗ್ಯಾವ ಅಜ್ಜಿ. ಇದು ನಮ್ಮ ಮನಿಯವರ ಕೈ.”

ಹೊಳೆವ್ವ ಕಿಟಕಿಯೊಳಗೆ ಸದಾಶಿವನನ್ನು ನೋಡಿ, ಮತ್ತೆ ತಗಡನ್ನು ನೋಡಿದಳು. “ಒಂದ ಬೆರಳ ಕಮ್ಮಿ ಐತಲ್ಲ.”

“ಹೌದು. ಸೊಸಿನ್ನ ಯಾವಾಗ ಕರ್ಕೊಂಡು ಬರ್ತಿ?”

“ಸೋಮವಾರ ಬರ್ತೇವ ತಗೊ. ಹೊಳ್ಳಸ್ಕೊ ಗಾಡಿ.” ಅವಳು ಹುರ್ರ್ ಎಂದು ಆಡುಗಳನ್ನು ಬದಿಗೆ ಸರಿಸಿ ದಾರಿ ಬಿಟ್ಟಳು.

ಆನಂದೀಬಾಯಿ ಲಿವರು ಎಳೆದಳು. ತಗಡಿನ ಕೈ ಎದ್ದಿತು. ಅದರ ಜೊತೆಗೇ, ರೂಢಿಯಂತೆ, ಸದಾಶಿವನ ಕೈಯೂ ಕಿಟಕಿಯಾಚೆ ಚಾಚಿತು. ಗಾಳಿಯಲ್ಲಿ ಎರಡೂ ಒಂದರ ಪಕ್ಕ ಒಂದು, ಒಂದೇ ಅಳತೆ, ಒಂದೇ ಕೊರತೆ.

“ಒಳಗ ತಗೋರಿ,” ರಸ್ತೆಯಿಂದ ಕಣ್ಣು ತೆಗೆಯದೆ ಆನಂದೀಬಾಯಿ ಹೇಳಿದಳು. “ಹಿಂದಿನವರಿಗೆ ಗೊಂದಲ ಆಗ್ತದ.”

ಅವನು ಕೈ ಒಳಗೆ ತೆಗೆದುಕೊಂಡ. ಕಿಸೆಗೆ ಹಾಕಲಿಲ್ಲ, ಮೊಣಕಾಲ ಮೇಲಿಟ್ಟುಕೊಂಡ. ಹೊರಗೆ ಇನ್ನೊಂದು ಕೈ, ವ್ಯಾನು ಪೂರಾ ಹೊರಳುವ ತನಕ, ಹಾಗೇ ನಿಂತಿತ್ತು.